ಹಗ್ಗ ದಾಟುವ ವಿಚಾರ

ಮನುಷ್ಯರಾದವರು ಹಗ್ಗವನ್ನು ದಾಟಬಹುದೋ ಬಾರದೋ ಎಂಬ ಬಹು ಗಂಭೀರವಾದ ಪ್ರಶ್ನೆಯೊಂದು ಅಂಕೋಲೆಯ ಶ್ರೀಕಾಂತ ಭಟ್ಟನ ಮನೆಯ ಜಗಲಿಯಲ್ಲಿ, ಸೋಮವಾರ ಬೆಳಿಗ್ಗೆ, ಒಳಗೆ ದೋಸೆ ಕಾವಲಿ ಕಾಯುತ್ತಿದ್ದ ಹೊತ್ತಿನಲ್ಲಿ ಎದ್ದಿತು. ಎತ್ತಿದವರು ಅವನ ತಾಯಿ ಭಾಗೀರಥಿ. ದಾಟುತ್ತಿದ್ದವಳು ಹೆಂಡತಿ ನಮಿತಾ, ಹೈಸ್ಕೂಲಿನ ಗಣಿತದ ಟೀಚರು.

ಹಿಂದಿನ ವಾರವಷ್ಟೇ ಕಾರವಾರದ ಡಾಕ್ಟರು ಅವಳಿಗೆ ವಾಯಿದೆ ಕೊಟ್ಟಿದ್ದರು. "ಚೌತಿ ಕಳೆದು ಬನ್ನಿ. ಅಷ್ಟರೊಳಗೆ ಬೀಪಿ ಇಳಿದಿಲ್ಲ ಅಂದ್ರೆ ಮಾತ್ರೆ. ಒಮ್ಮೆ ಶುರುವಾಯ್ತು ಅಂದ್ರೆ ಜೀವನಪೂರ್ತಿ." ನಲವತ್ತು ತುಂಬುವ ಮೊದಲೇ ಮಾತ್ರೆಯ ಡಬ್ಬಿ ಹಿಡಿಯುವ ಮನಸ್ಸು ನಮಿತಾಗೆ ಇರಲಿಲ್ಲ. ಹೊರಗೆ ನಡೆಯಲು ಮಳೆ ಬಿಡುತ್ತಿರಲಿಲ್ಲ. ಸ್ಕಿಪ್ಪಿಂಗ್ ಒಂದರಿಂದಲೇ ಕಾಲು, ತೊಡೆ, ಹೊಟ್ಟೆ, ಭುಜ, ಹೃದಯ ಎಲ್ಲಕ್ಕೂ ಏಕಕಾಲಕ್ಕೆ ವ್ಯಾಯಾಮವೆಂದು ಮೊಬೈಲಿನಲ್ಲಿ ಒಬ್ಬಳು, ಸ್ವಲ್ಪವೂ ಏದುಸಿರು ಬಿಡದೆ, ಹಾರುತ್ತಲೇ ಹೇಳಿದ್ದಳು.

"ಹಾರಡ ನಮಿತಾ! ಕರುವಿನ ಹಗ್ಗ ದಾಟಲಾಗ ಹೇಳಿ ಶಾಸ್ತ್ರ ಇದ್ದು."

"ನಮ್ಮನೇಲಿ ಕರು ಎಲ್ಲಿದ್ದು ಅತ್ತೆ? ಇದು ಪ್ಲಾಸ್ಟಿಕ್ಕು. ಆನ್‌ಲೈನಲ್ಲಿ ತರ್ಸಿದ್ದು."

"ಹಗ್ಗ ಹೇಳಿರೆ ಹಗ್ಗವೇಯ. ಮೇಲಿಂದ ಅದೂ ನಿನ್ನ ತಲೆ ದಾಟ್ತಾ ಇದ್ದು. ದಾಟಿಸ್ಕಂಡವ್ರು ಬೆಳೀತ್ವಿಲ್ಲೆ."

"ಬೆಳೀಲಾಗ ಹೇಳೇ ಹಾರ್ತಾ ಇದ್ದಿ ಅತ್ತೆ!"

ಶ್ರೀಕಾಂತ ಪೇಪರಿನ ಹಿಂದೆ ಇದ್ದ. ಕಾರವಾರದ ಆಫೀಸಿಗೆ ಹೋಗುವ ಅವನ ಬಸ್ಸಿನ ಹೊತ್ತಾಗುತ್ತಿತ್ತು. ಬೇಗ ಎದ್ದು ಹೋಗಬೇಕಾದವರು ಕೊಡುವಂಥ ತೀರ್ಪನ್ನೇ ಅವನೂ ಕೊಟ್ಟ. "ಆಯಿ, ಮಲಗಿದವ್ರನ್ನ ದಾಟಿರೆ ವಾಪಸ್ ದಾಟು ಹೇಳ್ತೆ ಅಲ್ದಾ? ಇದೂ ಹಾಂಗೇಯ. ಮುಂದೆ ಎಷ್ಟು ಹಾರ್ತೋ ಅಷ್ಟೇ ಹಿಂದೆ ಹಾರ್ಲಿ. ದೋಷ ಹೋತು." ಹೇಳಿದವನೇ ಕೊಡೆ ಎತ್ತಿಕೊಂಡು ಹೊರಟ. ಹಾರಬೇಕಾದವನು ಅವನಾಗಿರಲಿಲ್ಲ.

ಮರುದಿನದಿಂದ ಜಗಲಿಯ ಮೂಲೆಯಲ್ಲಿ ಭಾಗೀರಥಿಯವರ ಕುರ್ಚಿ ಬಂತು. ಕೈಯಲ್ಲಿ ಜಪಮಾಲೆ. ನಮಿತಾ ಒಮ್ಮೆ ಹಾರಿದರೆ ಇವರದೊಂದು ಮಣಿ ಸರಿಯುತ್ತಿತ್ತು. ಮೇರುಮಣಿಯನ್ನು ದಾಟುವಂತಿಲ್ಲವಾದ್ದರಿಂದ ಮಾಲೆ ಅಲ್ಲಿಂದ ತಿರುಗುತ್ತಿತ್ತು. ಅದರೊಂದಿಗೆ ಸೊಸೆಯೂ ಹಗ್ಗವನ್ನು ತಿರುಗಿಸಿ ಹಿಂದಕ್ಕೆ ಹಾರಬೇಕು. ಹಿಂದಕ್ಕೆ ಹಾರುವಾಗ ಹಗ್ಗ ಎಲ್ಲಿಂದ ಬರುತ್ತದೆಂಬುದು ಮೀನಖಂಡಕ್ಕೆ ಪೆಟ್ಟು ಬಿದ್ದ ಮೇಲೆಯೇ ಗೊತ್ತಾಗುವುದು. ಈವರೆಗೆ ಬೋರ್ಡಿನ ಮೇಲೆ ಬರೆಯಲಷ್ಟೇ ಎತ್ತಿದ್ದ ಭುಜ ರಾತ್ರಿ ಮಗ್ಗುಲಾಗಲು ಬಿಡುತ್ತಿರಲಿಲ್ಲ.

ಒಂದು ದಿನ ಹಗ್ಗ ಹೆಬ್ಬೆರಳಿಗೆ ಸಿಕ್ಕಿ ನಿಂತಿತು.

"ಇದು ಲೆಕ್ಕಕ್ಕಿಲ್ಲೆ ಅತ್ತೆ. ದಾಟಿದ್ದಿಲ್ಲೆ."

"ಒಂದು ಕಾಲು ದಾಟಿದ್ದು. ನಾ ಕಂಡಿದ್ದಿ."

"ಹಂಗಾರೆ ಅರ್ಧ ಹಾರಲಾ?"

"ಹಾರು."

ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ, ಗಣಿತದಲ್ಲಿ ಪದವಿ ಪಡೆದು, ಪಕ್ಕದ ಮನೆಯ ದಮಯಂತಿ ಕಿಟಕಿಯಿಂದ ನೋಡುತ್ತಿರುವಾಗ ಒಂಟಿ ಕಾಲಿನಲ್ಲಿ ಹಿಂದಕ್ಕೆ ಹಾರಿದ ಹೆಂಗಸು ಆ ತಾಲೂಕಿನಲ್ಲಿ ಬಹುಶಃ ಅವಳೊಬ್ಬಳೇ. ಶಾಲೆಗೆ ತಡವಾದ ದಿನ ಮುಂದಕ್ಕಷ್ಟೇ ಹಾರಿ, ಸೀರೆ ಉಟ್ಟು ಚೀಲ ಹೆಗಲಿಗೆ ಹಾಕಿ, "ವಾಪಸ್ಸಿಂದು ಸಂಜೆ ಹಾರ್ತಿ" ಅಂದಳು. ಭಾಗೀರಥಿ ಬಾಗಿಲಿಗೆ ಬಂದು ನಿಂತರು. "ದೋಷ ಹೊತ್ಕಂಡು ಶಾಲೆಗೆ ಹೋಗ್ತ್ಯನೇ? ಅಲ್ಲಿ ಬೇರೆಯವ್ರ ಮಕ್ಕ ಇದ್ವು." ಆ ದಿನ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾರಿದಳು. ಪ್ರಾರ್ಥನೆ ತಪ್ಪಿತು. ಹೆಡ್‌ಮಾಸ್ತರರಿಗೆ ಕಾರಣ ಹೇಳುವಂತೆಯೂ ಇರಲಿಲ್ಲ.

ಚೌತಿ ಕಳೆಯಿತು. ಕಾರವಾರಕ್ಕೆ ಹೊರಟಾಗ ಯಾರೂ ಕರೆಯದೆಯೇ ಭಾಗೀರಥಿ ಬಸ್ಸಿನ ಕಿಟಕಿಯ ಸೀಟಿನಲ್ಲಿ ಕೂತಿದ್ದರು. ತೂಕ ಇಳಿದದ್ದನ್ನು ನೋಡಿ ಡಾಕ್ಟರಿಗೆ ಖುಷಿಯಾಯಿತು. ನಮಿತಾಳ ತೋಳಿಗೆ ಪಟ್ಟಿ ಸುತ್ತಿ, "ಏನು ಮಾಡಿದ್ರಿ?" ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಪಕ್ಕದ ಸ್ಟೂಲಿನಿಂದ ಬಂತು.

"ಹಗ್ಗ ಹಾರಿದ್ದು ಡಾಕ್ಟ್ರೇ. ಆದ್ರೆ ಮುಂದೆ ಹಾರಿದ್ರಿಂದ ಎಂತದೂ ಆಗಿಲ್ಲ. ನಾನು ಹಿಂದೆ ಹಾರಿಸಿದ್ನಲ್ಲ, ಅದಕ್ಕೇ ಇಳಿದದ್ದು. ಕೂತು ಕೂತು ನನ್ನ ಸೊಂಟ ಹೋಯ್ತು."

ಪಟ್ಟಿ ತೋಳನ್ನು ಬಿಗಿಯುತ್ತಾ ಹೋಯಿತು. ನಮಿತಾ ಕಣ್ಣು ಮುಚ್ಚಿ, ಹಲ್ಲು ಕಚ್ಚಿದಳು. ಡಾಕ್ಟರು ಯಂತ್ರದ ಅಂಕಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು.

"ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ."

ಬಾಗಿಲು ಮುಚ್ಚಿ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ನೋಡಿದಾಗ ಅಂಕಿ ಸರಿಯಾಗಿಯೇ ಇತ್ತು. "ಮಾತ್ರೆ ಬೇಡ," ಅಂದರು ಡಾಕ್ಟರು. ನಮಿತಾ ಉಸಿರು ಬಿಟ್ಟಳು. "ಈಗ ಹೇಗೆ ಮಾಡ್ತಿದ್ದೀರೋ ಹಾಗೇ ಮುಂದುವರಿಸಿ. ಹಿಂದಕ್ಕೆ ಹಾರೋದು ಭುಜಕ್ಕೆ ಬಹಳ ಒಳ್ಳೇದು. ಏನನ್ನೂ ಬದಲಾಯಿಸಬೇಡಿ."

ಬಾಗಿಲು ಇಷ್ಟೇ ಇಷ್ಟು ತೆರೆದುಕೊಂಡಿತು.

"ಕೇಳ್ಚನೇ ನಮಿತಾ? ಏನನ್ನೂ!"

ಮಾತ್ರೆ ಶುರುವಾಗಲಿಲ್ಲ. ನಮಿತಾ ಈಗಲೂ ದಿನಾ ಹಾರುತ್ತಾಳೆ, ಎರಡೂ ಕಡೆಗೆ.