ಅಳಿಸಬೇಕಿದ್ದ ಡಿಸ್ಕುಗಳು

ಮಸ್ತುರಾ ನಿವಾಸಿಗಳ ಸಂಘದ ಕಚೇರಿಯ ಬಾಗಿಲು ತಳ್ಳಿಕೊಂಡು ನುಗ್ಗಿದಾಗ ಬಹರಿನ್ ಸ್ಕ್ರೂಡ್ರೈವರ್ ಹಿಡಿದು ಹಳೆಯ ಕ್ಯಾಮೆರಾ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದ. ಒಂದು ಹಾರ್ಡ್ ಡಿಸ್ಕು ಆಗಲೇ ಮೇಜಿನ ಮೇಲಿತ್ತು. ಇನ್ನೊಂದು ಅವನ ಕೈಯಲ್ಲಿ.

“ಏನು ಅಧ್ಯಕ್ಷರೇ, ಇಷ್ಟು ಆತುರ? ಸಾಕ್ಷಿ ತೊಳೀತಿದೀರಾ?”

ಬಹರಿನ್ ತಲೆ ಎತ್ತಲಿಲ್ಲ. ಹೊಸ ಪೆಟ್ಟಿಗೆ ಬಂದಾಗಿದೆ, ಹಳೆಯ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಿ ಕೆಳಗಿನ ಕೋಣೆಯ ಮಕ್ಕಳ ಕಂಪ್ಯೂಟರಿಗೆ ಹಾಕುವುದೆಂದು ಸಭೆಯಲ್ಲೇ ತೀರ್ಮಾನವಾಗಿದೆ ಎಂದ. ಅದು ನಿಜವೇ. ಆದರೆ ಆ ತೀರ್ಮಾನ ಆದದ್ದು ಇಟ್ಟಿಗೆ ಬೀಳುವುದಕ್ಕೆ ಮೊದಲು.

ಕ್ವಾಲಾಲಂಪುರದ ಆ ಫ್ಲ್ಯಾಟುಗಳ ಪ್ರತಿ ಮಹಡಿಯ ಪಡಸಾಲೆಯಲ್ಲೂ ಕ್ಯಾಮೆರಾ ಇತ್ತು. ಎಲ್ಲದರ ಚಿತ್ರವೂ ತಂತಿಯಲ್ಲಿ ಹರಿದು ಬಂದು ಈ ಪೆಟ್ಟಿಗೆಯ ಡಿಸ್ಕುಗಳಲ್ಲಿ ಕೂರುತ್ತಿತ್ತು. ಮಸ್ತುರಾಳ ಮಾವ ಲಾಜಿಮ್ ಕ್ಷೌರಿಕ. ಕೆಲವು ವಾರಗಳ ಹಿಂದೆ ಒಂದು ಬೆಳಿಗ್ಗೆ ಕುರ್ಚಿ ಹೊತ್ತು ಅಂಗಳ ದಾಟುವಾಗ ಮೇಲಿಂದ ಇಟ್ಟಿಗೆ ಬಿದ್ದು ಬಲಭುಜ ನುಚ್ಚುನೂರಾಯಿತು. ನಾಲ್ಕನೇ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಮಸ್ತುರಾ ಕೂಗು ಕೇಳಿ ಓಡಿ ಬಂದಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ತಂದೆಯೆಂದರೆ ಈ ಮುದುಕನೇ. ಈಗ ಆ ಕೈ ಸೊಂಟದಿಂದ ಮೇಲೇಳದು. ಕತ್ತರಿ ಹಿಡಿಯುವ ಮಾತಂತೂ ಮುಗಿಯಿತು.

ಪೊಲೀಸರು ಬಂದರು, ಆಕಸ್ಮಿಕ ಎಂದರು, ಹೋದರು. ಮಸ್ತುರಾ ಒಪ್ಪಲಿಲ್ಲ. ಆ ಇಟ್ಟಿಗೆ ಬಹರಿನ್‌ನದು. ಐದನೇ ಮಹಡಿಯಲ್ಲಿ ಅಡುಗೆಮನೆ ಒಡೆಸಿ ಕಟ್ಟಿಸುತ್ತಿದ್ದವನು ಅವನೇ. ಉಳಿದ ಇಟ್ಟಿಗೆಗಳನ್ನು ಅವನ ಕೆಲಸಗಾರರು ಕಂಡ ಕಂಡ ಪಡಸಾಲೆಯಲ್ಲಿ ಬಿಟ್ಟಿದ್ದರು. ಜೊತೆಗೆ ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟಿರುವ ಇಬ್ಬರು ಗಂಡುಮಕ್ಕಳು. ಅವಳಿಗೆ ಇನ್ನೇನು ಬೇಕಿತ್ತು?

“ತೋರಿಸಿ,” ಎಂದಳು.

ಬಹರಿನ್ ಡಿಸ್ಕನ್ನು ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿದ. ಇದನ್ನು ಓದಲಾಗದು, ಫಾರ್ಮ್ಯಾಟ್ ಮಾಡಬೇಕೇ ಎಂದು ಪರದೆ ಕೇಳಿತು.

“ನೋಡು, ಏನೂ ಇಲ್ಲ.” ಅವನ ಬೆರಳು ಗುಂಡಿಯತ್ತ ಸರಿಯಿತು. ಮಸ್ತುರಾ ತಂತಿಯನ್ನೇ ಕಿತ್ತಳು. ಅವನು ಅವಳ ಮಣಿಕಟ್ಟು ಹಿಡಿದ. ಅವಳು ಬೊಬ್ಬೆ ಹಾಕಿದಳು. ಬಾಗಿಲಲ್ಲಿ ಜನ ಸೇರಿದರು. ಸಭೆ ಕೂಡುವ ತನಕ ಯಾರೂ ಮುಟ್ಟಬಾರದೆಂದು ಡಿಸ್ಕುಗಳನ್ನು ಕಪಾಟಿಗೆ ಹಾಕಿಸಿ ಬೀಗ ಜಡಿಸಿದರು. ಜನ ಚದುರಿದ ಮೇಲೆ ಬಹರಿನ್ ತಗ್ಗಿದ ದನಿಯಲ್ಲಿ ಹೇಳಿದ: “ಇದನ್ನ ಕೆದಕಬೇಡ. ಕೆದಕಿದ್ರೆ ಅಳೋಳು ನೀನೇ.”

ಬೆದರಿಕೆ. ಅವಳು ಅದನ್ನು ಮನೆಗೆ ಬಂದು ಮಾವನಿಗೆ ಚಾಚೂ ತಪ್ಪದೆ ಒಪ್ಪಿಸಿದಳು. ಲಾಜಿಮ್, ಬಿಟ್ಟುಬಿಡು, ಅವನ ಗೊಡವೆ ನಮಗೇಕೆ ಎಂದ. ಜಗ್ಗದ ಮುದುಕನನ್ನೂ ಹೆದರಿಸಿಟ್ಟಿದ್ದಾರೆ ಎಂದು ಅವಳ ಸಿಟ್ಟು ಇನ್ನಷ್ಟು ಏರಿತು.

ಅವಳು ಬೆಳಿಗ್ಗೆ ಕೆಳಗೆ ಮೇಜು ಹಾಕಿ ನಾಸಿ ಲೆಮಾಕ್ ಮಾರುತ್ತಿದ್ದಳು. ತೆಂಗಿನಹಾಲಿನ ಅನ್ನ, ಅದಕ್ಕೆ ಸಂಬಲ್ ಚಟ್ನಿಯ ಖಾರ. ಈಗ ಪ್ರತಿ ಪೊಟ್ಟಣದ ಜೊತೆ ಅವಳ ಮಾತಿನ ಖಾರವೂ ಮನೆಮನೆ ಸೇರಿತು. ಜನ ಬಹರಿನ್‌ಗೆ ಸಲಾಂ ಹೇಳುವುದನ್ನು ಬಿಟ್ಟರು. ಯಾರೋ ಅವನ ಬಾಗಿಲಿಗೆ ಕೆಂಪು ಬಣ್ಣ ಎರಚಿದರು. ಮಗನ ಬೈಕಿನ ಚಕ್ರ ಕೊಯ್ದರು. ಅದು ಮಸ್ತುರಾಳ ಕೆಲಸವಲ್ಲ. ಆದರೆ ಕೇಳಿದಾಗ ಅವಳಿಗೆ ಹಾಲು ಕುಡಿದಷ್ಟು ಸಮಾಧಾನವಾಯಿತು.

ಸಭೆಯಲ್ಲಿ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಬಹರಿನ್ ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಲಾಜಿಮ್ ಏನೋ ಹೇಳಲು ಎದ್ದ. ಬಹರಿನ್ ಅವನತ್ತ ನೋಡಿ ಬೇಡವೆಂದು ತಲೆಯಾಡಿಸಿದ. ಮುದುಕ ಕುಸಿದು ಕೂತ.

“ನೋಡಿದ್ರಾ?” ಮಸ್ತುರಾ ಜನರತ್ತ ತಿರುಗಿದಳು. “ನಿಮ್ಮ ಕಣ್ಣೆದುರಿಗೇ ಬಾಯಿ ಮುಚ್ಚಿಸ್ತಾರೆ.”

ಕೈಗಳು ಮೇಲೆದ್ದವು. ಬಹರಿನ್‌ನ ಅಧ್ಯಕ್ಷಗಿರಿ ಅಲ್ಲಿಗೆ ಮುಗಿಯಿತು. ಜನ ಕಪಾಟಿನ ಬೀಗದ ಕೈಯನ್ನು ಅವಳ ಮುಂದಿಟ್ಟಾಗ ಅವನು, “ಗೆದ್ದೆಯಲ್ಲ, ಇನ್ನಾದ್ರೂ ನೋಡದೇ ಫಾರ್ಮ್ಯಾಟ್ ಮಾಡ್ಸು,” ಎಂದ.

“ನೋಡೇ ನೋಡ್ತೀನಿ,” ಎಂದಳು ಮಸ್ತುರಾ. “ಆಮೇಲೆ ನಿಮ್ಮ ಮಕ್ಕಳಿಗೆ ಜೈಲಿಗೆ ಊಟ ಹೊರೋದು ಕಲೀರಿ.”

ಮರುದಿನವೇ ಡಿಸ್ಕುಗಳನ್ನು ಚೌಕಿಟ್ ಪೇಟೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೊತ್ತಳು. ಅಂಗಡಿಯ ಸ್ಯೂ ಹಾಂಗ್ ಅವನ್ನು ತಿರುಗಿಸಿ ನೋಡಿದ. ಇವು ಖಾಲಿಯಲ್ಲ, ಅಂಥ ಪೆಟ್ಟಿಗೆಗಳು ತಮ್ಮದೇ ರೀತಿಯಲ್ಲಿ ಬರೆದುಕೊಳ್ಳುತ್ತವೆ, ಮನೆಯ ಕಂಪ್ಯೂಟರಿಗೆ ಆ ಬರಹ ಅರ್ಥವಾಗದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ ಎಂದ. ಮೊದಲು ಒಳಗಿರುವುದನ್ನು ತೆಗೆದುಕೊಡುತ್ತೇನೆ, ಆಮೇಲೆ ಒರೆಸಿ ಮಕ್ಕಳ ಕಂಪ್ಯೂಟರಿಗೆ ಹೊಂದಿಸೋಣ ಎಂದ. ಮಸ್ತುರಾ ಕುರ್ಚಿ ಎಳೆದುಕೊಂಡು ಪರದೆಯೆದುರು ಕೂತಳು. ಬೇಡಿ ಬಿದ್ದ ಆ ಇಬ್ಬರು ಗಂಡುಮಕ್ಕಳು ಅವಳ ಕಣ್ಣಿಗೆ ಆಗಲೇ ಕಟ್ಟಿದ್ದರು.

ಆ ಬೆಳಿಗ್ಗೆಯ ಚಿತ್ರ ಸಿಕ್ಕಿತು. ಐದನೇ ಮಹಡಿ ಖಾಲಿ. ಒಂದು ನರಪಿಳ್ಳೆಯೂ ಇಲ್ಲ. ಸ್ಯೂ ಹಾಂಗ್ ಅದರ ಕೆಳಗಿನ, ನಾಲ್ಕನೇ ಮಹಡಿಯ ಕ್ಯಾಮೆರಾಕ್ಕೆ ಬಂದ. ಪಡಸಾಲೆಯ ಗಿಡ್ಡ ಗೋಡೆಯ ಮೇಲೆ ಯಾರೋ ಮರೆತು ಬಿಟ್ಟ ಒಂದು ಇಟ್ಟಿಗೆ. ಒದ್ದೆ ಕಂಬಳಿ ಹೊತ್ತ ಹೆಂಗಸೊಬ್ಬಳು ಬಂದಳು. ಕಂಬಳಿಯನ್ನು ಗೋಡೆಯ ಮೇಲೆ ಎಸೆದಳು, ಎರಡೂ ಕೈಯಲ್ಲಿ ಎಳೆದು ಹರವಿದಳು. ಕಂಬಳಿ ತಾಗಿ ಇಟ್ಟಿಗೆ ಆಚೆಗೆ ಉರುಳಿತು. ಅವಳಿಗೆ ತಿಳಿಯಲೇ ಇಲ್ಲ. ಅಂಚು ಸರಿಪಡಿಸುತ್ತಿದ್ದವಳು ತಟ್ಟನೆ ಬೆಚ್ಚಿ, ಕೆಳಗೆ ಬಗ್ಗಿ ನೋಡಿ, ಓಡಿದಳು.

“ಸಿಕ್ಕಿದ್ಲಲ್ಲ,” ಎಂದ ಸ್ಯೂ ಹಾಂಗ್. “ಯಾರು, ಗುರುತು ಸಿಗ್ತಾ?”

ತಿರುಗಿ ಮಸ್ತುರಾಳ ಮುಖ ನೋಡಿದ. ಮತ್ತೆ ಪರದೆ ನೋಡಿದ. ಆಮೇಲೆ ಏನೂ ಕೇಳದೆ ಪರದೆಯನ್ನು ಆರಿಸಿದ.

ಅವಳು ಮನೆ ಮುಟ್ಟಿದಾಗ ಲಾಜಿಮ್ ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದ. ಸೊಸೆಯ ಮುಖ ಕಂಡೊಡನೆ ಲೋಟ ಕೆಳಗಿಟ್ಟ.

“ಇಟ್ಟಿಗೆ ಬಿದ್ದಾಗ ಮೇಲೆ ನೋಡಿದ್ದೆ, ಮಗಳೇ. ನಿನಗೆ ಗೊತ್ತಾಗೋ ಮುಂಚೆ ಅಳಿಸಿಬಿಡಪ್ಪಾ ಅಂತ ಬಹರಿನ್ ಹತ್ರ ಬೇಡ್ಕೊಂಡೋನು ನಾನೇ.”