ರೇವಣಸಿದ್ದಯ್ಯ ಮಾಸ್ತರರ ಕೊನೆಯ ಪಾರ್ಟು

ಮೂಗಿನ ಮೇಲೆ ನೊಣ ಕೂತಿತು. ಸತ್ತವರು ನೊಣ ಓಡಿಸುವಂತಿಲ್ಲ. ರೇವಣಸಿದ್ದಯ್ಯ ಹಲ್ಲು ಕಚ್ಚಿ ಸಹಿಸಿಕೊಂಡರು.

ಬೆಳಿಗ್ಗೆಯಿಂದ ಅವರು ಸತ್ತೇ ಇದ್ದರು. ರಂಗದ ನಟ್ಟನಡುವೆ, ರಾಜನ ಪಾರ್ಟಿನ ಕುರ್ಚಿಯಲ್ಲಿ. ಮೈತುಂಬ ವಿಭೂತಿ, ಕೊರಳಿಗೆ ಹಾರ, ಎರಡೂ ಕಿವಿಗೆ ಹತ್ತಿ. ಪುಣ್ಯಕ್ಕೆ ಲಿಂಗಾಯತರಲ್ಲಿ ಹೆಣವನ್ನು ಕೂರಿಸುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಮಲಗಿ ಸಾಯುವ ಪಾರ್ಟು ಮಾಸ್ತರರಿಂದ ಆಗುತ್ತಿರಲಿಲ್ಲ. ಮಲಗಿದರೆ ಗೊರಕೆ ಗ್ಯಾರಂಟಿ.

ನಾಯಂಡಹಳ್ಳಿಯ ಈ ತಗಡಿನ ನಾಟಕಮಂದಿರ ಎದ್ದದ್ದು ಎಪ್ಪತ್ತರ ದಶಕದಲ್ಲಿ, ಒಂದು ಶಿವರಾತ್ರಿ ಕ್ಯಾಂಪಿಗೆಂದು. ಗದಗದ ಕಡೆಯಿಂದ ಬಂದ ಕಂಪನಿ ಮತ್ತೆ ಗಂಟುಮೂಟೆ ಕಟ್ಟಲೇ ಇಲ್ಲ. ಮೈಸೂರು ರಸ್ತೆಯ ಲಾರಿಗಳು ಇಲ್ಲಿ ನಿಂತು ನಾಟಕ ನೋಡಿಯೇ ಮುಂದೆ ಹೋಗುತ್ತಿದ್ದವು. ಗ್ಯಾರೇಜಿನವರು ಗ್ರೀಸು ಮೆತ್ತಿದ ಕೈಯಲ್ಲೇ ಬಂದು ‘ಒನ್ಸ್ ಮೋರ್’ ಕೂಗುತ್ತಿದ್ದರು. ಕೂಗಿದರೆ ಆ ಸೀನು ಇನ್ನೊಮ್ಮೆ ಆಡಲೇಬೇಕು, ಅದು ಕಂಪನಿಯ ವ್ರತ. ವಿಷ ಕುಡಿದು ಸತ್ತ ನಾಯಕಿ ಎದ್ದು, ಸೆರಗು ಕೊಡವಿ, ಮತ್ತೆ ಕುಡಿದು ಸಾಯುತ್ತಿದ್ದಳು. ಆ ನಾಟಕಗಳನ್ನೆಲ್ಲ ಬರೆದವರು ರೇವಣಸಿದ್ದಯ್ಯ, ರಂಗದ ಹಿಂದಿನ ಕೋಣೆಯಲ್ಲಿ ಕೂತು. ಅವರಿಗೆ ಮನೆ ಮಠ ಎಲ್ಲ ಆ ಕೋಣೆಯೇ.

ಈಗ ಎರಡು ಸಾವಿರದ ಎಂಟು. ಜಾಗದ ಮಾಲೀಕ ಮುನಿರಾಮಯ್ಯನಿಗೆ ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟಬೇಕು. ಕೋರ್ಟೂ ಅವನ ಕಡೆಗೇ ಹೇಳಿತ್ತು. ಸುದ್ದಿ ಬಂದ ದಿನ ಮಾಸ್ತರರು ಕೋಣೆಯ ಚಿಲಕ ಹಾಕಿಕೊಂಡು ಕೂಗಿದರು:

“ಕೆಡವೂದಿದ್ರ ನನ್ನ ಮ್ಯಾಲೇ ಕೆಡವ್ರಿ! ಮಂದಿರ ಬಿಟ್ಟು ನಾ ಎಲ್ಲೂ ಬರೂದಿಲ್ಲ!”

ಕಂಪನಿಯ ಒಡತಿ ಹೊನ್ನವ್ವ ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತಳು. ಮುದುಕ ಹಟಕ್ಕೆ ಬಿದ್ದರೆ ಹೇಳಿದ್ದನ್ನು ಮಾಡಿಯೇ ತೀರುವವನೆಂದು ಅವಳಿಗೆ ಗೊತ್ತಿತ್ತು.

ಕೊನೆಗೆ ಅವರೇ ಚಿಲಕ ತೆಗೆದರು. ಕಣ್ಣು ಮಿಂಚುತ್ತಿತ್ತು. “ಹೊನ್ನವ್ವಾ, ನಾ ಸಾಯ್ತೀನಿ. ರಂಗದ ಕೆಳಗ ನನ್ನ ಗದ್ದಿಗಿ ಮಾಡ್ರಿ. ಗದ್ದಿಗಿ ಮ್ಯಾಲೆ ಜೆಸಿಬಿ ಹತ್ತಸೋ ಧೈರ್ಯ ಯಾವನಿಗೈತಿ?”

ಅವರ ಉಪಾಯ ಇಷ್ಟು: ಮೆರವಣಿಗೆಯ ಟೆಂಪೋ ಅವರನ್ನು ಗುಟ್ಟಾಗಿ ಕೆಂಗೇರಿಯ ಮಗಳ ಮನೆಗೆ ಇಳಿಸುವುದು. ಅವರ ಬದಲು ಹುಲ್ಲಿನ ಬೊಂಬೆಯೊಂದು ಗುಂಡಿಗೆ ಇಳಿಯುವುದು. ಆಮೇಲೆ ಮಾಸ್ತರರು ಈ ಕಡೆ ತಲೆಹಾಕುವಂತಿಲ್ಲ, ಸತ್ತವರಲ್ಲವೇ? ನಾಟಕಗಳನ್ನು ಅಲ್ಲಿಂದಲೇ ಬರೆದು ಕಳಿಸುವುದು.

ಹೊನ್ನವ್ವ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. “ಆತ್ರಿ, ಹಂಗೇ ಮಾಡೂಣು” ಎಂದಳು. ಇಷ್ಟು ಬೇಗ ಒಪ್ಪುವವಳಲ್ಲ. ಮಾಸ್ತರರಿಗೆ ತಮ್ಮ ಬುದ್ಧಿಯ ಮೇಲೆ ಭಾರೀ ಅಭಿಮಾನ ಬಂತು.

ಇವತ್ತು ಬೆಳಿಗ್ಗೆ ಹತ್ತಿ ತುರುಕುವಾಗ ಅವಳು ಹೇಳಿದ್ದು ಒಂದೇ ಮಾತು. “ಕೆಂಗೇರಿ ಮುಟ್ಟೂತನಕ ಕಣ್ಣು ತೆರೀಬ್ಯಾಡ್ರಿ. ನನ್ನ ಮ್ಯಾಲೆ ಆಣಿ ಮಾಡ್ರಿ.”

ಆಣೆ ಮಾಡಿದರು. “ಹಾಸ್ಯಗಾರ ಚಿಕ್ಕಣ್ಣ ಎಲ್ಲಿ? ನನ್ನ ಸಾವಿಗೆ ಅವನೇ ಇಲ್ಲಲ್ಲ!”

“ಹೂವು ತರಾಕ ಮಾರ್ಕೆಟ್ಟಿಗೆ ಹೋಗ್ಯಾನ್ರಿ.”

ಹೊರಗೆ ಜೆಸಿಬಿಯ ಗುಡುಗುಡು ಕೇಳಿ ನಿಂತಿತು. ಸ್ವಲ್ಪ ಹೊತ್ತಿಗೆ ಬಲಗಡೆಯ ಸೈಡ್‌ವಿಂಗಿನಿಂದ ದನಿ ಬಂತು. ಹತ್ತಿಯಲ್ಲೂ ಗುರುತು ಸಿಗುವ ದನಿ, ಮಾತಿಗೊಂದು ಕೆಮ್ಮು. ಬಂದ ಮುನಿರಾಮಯ್ಯ, ಎಂದುಕೊಂಡರು ಮಾಸ್ತರರು.

“ಏನಮ್ಮಾ ಹೊನ್ನವ್ವ, ನಿನ್ನೆ ಚೆನ್ನಾಗೇ ಇದ್ರಲ್ಲ ಮೇಷ್ಟ್ರು? ಇದ್ಯಾವ ಹೊಸ ನಾಟ್ಕ?”

ಹೊನ್ನವ್ವ ಗೊಳೋ ಎಂದಳು. ಹೆಜ್ಜೆಗಳು ಹತ್ತಿರ ಬಂದವು. ಮಾಸ್ತರರ ಮುಖಕ್ಕೆ ಯಾರದೋ ಉಸಿರು ತಗುಲಿತು. ಜೊತೆಗೆ ಘಂ ಎಂದು ಪೌಡರಿನ ವಾಸನೆ. ಕೆಡವಲು ಬರುವವನೂ ಪೌಡರು ಮೆತ್ತಿಕೊಂಡು ಬರುತ್ತಾನಲ್ಲ, ಏನು ಶೋಕಿ!

“ಮೇಷ್ಟ್ರೇ, ಆಡ್ತಾ ಇದೀರಿ ತಾನೇ? ಎದ್ಬಿಡಿ, ಏನೂ ಮಾಡಲ್ಲ.”

ಮಾಸ್ತರರು ಉಸಿರು ಬಿಗಿಹಿಡಿದರು. ಪೌಡರಿಗೆ ಈಗ ಸೀನು ಬಂದರೆ ಮಂದಿರ ಹೋಯಿತು. ಸದ್ಯ, ಸೀನು ಬರಲಿಲ್ಲ. ಅಳು ಕೇಳಿಸಿತು, ಗಂಡಸಿನ ಅಳು.

“ನಮ್ಮಪ್ಪನ ಹೆಗಲ ಮೇಲೆ ಕೂತು ಇಲ್ಲೇ ನಾಟ್ಕ ನೋಡ್ದೋನು ನಾನು! ನಗೋದು ಇಲ್ಲೇ ಕಲ್ತೆ, ಅಳೋದು ಇಲ್ಲೇ ಕಲ್ತೆ. ಈ ಪುಣ್ಯಾತ್ಮನ ಗದ್ದುಗೆ ಮೇಲೆ ನಾನು ಮನೆ ಕಟ್ಲಾ? ಬೇಡ! ಈ ಜಾಗ ಮೇಷ್ಟ್ರದ್ದು! ಏಯ್, ಜೆಸಿಬಿ ವಾಪಸ್ ತಗೊಂಡ್ ಹೋಗ್ರೋ!”

ಶಿಳ್ಳೆ ಬಿತ್ತು. ಹಿಂದಿನಿಂದ ಯಾರೋ ಕೂಗಿಯೇಬಿಟ್ಟ. “ಒನ್ಸ್ ಮೋರ್!”

ಅಯ್ಯೋ ನಾಚಿಕೆಗೆಟ್ಟವನೇ, ಸಾವಿನ ಮನೆಯಲ್ಲಿ! ಮಾಸ್ತರರು ನಗು ನುಂಗಿಕೊಂಡರು. ಆದರೆ ಹೆಜ್ಜೆಗಳು ಹಿಂದಕ್ಕೆ ಸರಿದವು. ಕೆಮ್ಮು ಕೇಳಿತು. “ನಮ್ಮಪ್ಪನ ಹೆಗಲ ಮೇಲೆ ಕೂತು...” ಎಂದು ಇಡೀ ಮಾತು ಮತ್ತೊಮ್ಮೆ ಬಂತು, ಒಂದಕ್ಷರ ತಪ್ಪದೆ. ಅದೇ ಜಾಗದಲ್ಲಿ ಅಳು. ‘ಬೇಡ’ ಮಾತ್ರ ಈ ಸಲ ಇನ್ನೂ ಉದ್ದ.

ಭಲೇ! ಇಂಥ ಮಾತು ಚಿಕ್ಕಣ್ಣನ ಬಾಯಿಗೆ ಬಿದ್ದಿದ್ದರೆ ಈ ತಗಡೇ ಹಾರಿಹೋಗುತ್ತಿತ್ತು ಎಂದುಕೊಂಡರು ಮಾಸ್ತರರು. ಮುಚ್ಚಿದ ಕಣ್ಣಿನಿಂದ ನೀರು ಜಾರಿತು. ಹೊನ್ನವ್ವ ಲಗುಬಗೆಯಿಂದ ಸೆರಗಿನಲ್ಲಿ ಒರೆಸಿ, “ಹೆಣ ಬೆವತೈತ್ರಿ, ಲಗೂನ ಎತ್ರಿ” ಎಂದಳು.

ಕುರ್ಚಿಸಮೇತ ಟೆಂಪೋಗೆ ಏರಿಸಿದರು. ಜೆಸಿಬಿ ಹಿಂತಿರುಗಿದ ಸದ್ದು ಮಾತ್ರ ಅವರಿಗೆ ಕೇಳಿಸಲಿಲ್ಲ. ಹಾಳು ಹತ್ತಿ ಎಂದು ಬೈದುಕೊಂಡರು. ಮಂದಿರ ಉಳಿಯಿತಲ್ಲ, ಅಷ್ಟು ಸಾಕು. ಇಂಥ ಸುಖ ಬದುಕಿದ್ದಾಗ ಅವರಿಗೆ ಸಿಕ್ಕಿರಲಿಲ್ಲ.

ಟೆಂಪೋ ಮೈಸೂರು ರಸ್ತೆಗೆ ತಿರುಗಿ ಮರೆಯಾಗುವತನಕ ಯಾರೂ ಮಿಸುಕಲಿಲ್ಲ. ಆಮೇಲೆ ಚಿಕ್ಕಣ್ಣ ಮುನಿರಾಮಯ್ಯನ ಪಾರ್ಟಿಗೆಂದು ಅಂಟಿಸಿಕೊಂಡಿದ್ದ ಮೀಸೆ ಕಿತ್ತು, ಪೌಡರು ಒರೆಸಿಕೊಳ್ಳುತ್ತ ಅಲ್ಲೇ ಕುಸಿದು ಕೂತು ನಿಜವಾಗಿಯೇ ಅತ್ತ.

ಗೇಟಿನ ಹೊರಗೆ, ಜೆಸಿಬಿಯ ಪಕ್ಕ, ಅಷ್ಟು ಹೊತ್ತೂ ಕಾದು ನಿಂತಿದ್ದ ಮುನಿರಾಮಯ್ಯ ಒಮ್ಮೆ ಕೆಮ್ಮಿ, “ನಾನು ಅಷ್ಟು ಒಳ್ಳೆಯವನಾಗಿದ್ನೇನಮ್ಮಾ?” ಎಂದು ಹೊನ್ನವ್ವನನ್ನು ಕೇಳಿ, ಕಣ್ಣೊರೆಸಿಕೊಂಡು, ಡ್ರೈವರಿಗೆ ಶುರುಮಾಡೆಂದು ಕೈ ತೋರಿಸಿದ.