ಅಮ್ಮನ ಗಂಡುವೇಷ

ಬಿಸಿಯಾದ ಟಿವಿಯ ಧೂಳಿನ ವಾಸನೆ ಬಂದರೆ ಈಗಲೂ ನನಗೆ ಪುತ್ತೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಮಾವ ದುಬೈಯಿಂದ ತಂದ ಕಂಪ್ಯೂಟರನ್ನು ಟಿವಿಗೆ ಸಿಕ್ಕಿಸಿ ಅಮ್ಮ ವಿಡಿಯೋ ಗೇಮ್ ಆಡುತ್ತಿದ್ದಳು. ಆಟಕ್ಕೊಂದು ವೇಷ ಅವಳಿಗೆ: ಒಂದರಲ್ಲಿ ಮಂತ್ರವಾದಿ, ಇನ್ನೊಂದರಲ್ಲಿ ಕಳ್ಳ. ಅವತ್ತು ಕತ್ತಿ ಹಿಡಿದ ರಾಜಕುಮಾರ.

ಯಕ್ಷಗಾನದ ಮರುಳಿನ ಅಜ್ಜಿಗೆ ಸಿಟ್ಟು ಬಂತು. "ಗಂಡಸರು ಸ್ತ್ರೀವೇಷ ಕಟ್ಟುದು ಉಂಟು. ಹೆಂಗಸು ಗಂಡುವೇಷ ಕಟ್ಟುದು ಎಂತದು ಮಾರಾಯ್ತಿ?"

ಪೇಟೆಗೆ ಹೋಗಲಿಕ್ಕೂ ಅಪ್ಪನನ್ನು ಕೇಳುವ ಅಮ್ಮ, ಆ ಆಟದಲ್ಲಿ ಯಾರನ್ನೂ ಕೇಳದೆ ಕಾಡು ದಾಟಿದಳು. ನನಗೆ ಒಂದೂ ಅರ್ಥವಾಗಲಿಲ್ಲ.

"ಅಮ್ಮಾ, ಇದರಲ್ಲಿ ನಾನೆಲ್ಲಿ?"

"ನೀನು ಇಲ್ಲ ಮಗಾ," ಎಂದಳು ಅಮ್ಮ, ಟಿವಿಯಿಂದ ಕಣ್ಣು ತೆಗೆಯದೆ. "ಇವನಿಗೆ ಇನ್ನೂ ಮದುವೆಯೇ ಆಗಲಿಲ್ಲ."

ನಾನು ಅವಳ ಕತ್ತಿನ ಕರಿಮಣಿಯನ್ನೇ ನೋಡುತ್ತಾ ನಿಂತೆ.